ಒಂದು ಮಾತು ಮುಂಚೆ

ರಿಪ್ಪನ್‌ಪೇಟೆ
ಶನಿವಾರ, ೨೨ ನವೆಂಬರ್ ೨೦೨೫

ಪ್ರೀತಿಯ ಹರ್ಷಾಳ ಅಪ್ಪನಿಗೆ,

ಜಿನಮತಿಯ ನಮಸ್ಕಾರ. ಮೂವತ್ತೊಂದು ವರ್ಷ ನಿಮ್ಮನ್ನು ‘ರೀ’ ಎಂದೇ ಕರೆದವಳು ನಾನು, ಕಾಗದದ ಮೇಲೂ ಹೆಸರು ಬರೆಯಲು ಕೈ ಏಳಲಿಲ್ಲ. ಮೊದಲು ಕ್ಷೇಮ ಸಮಾಚಾರ, ಆಮೇಲೆ ವಿಷಯ ಎಂದು ಶಾಲೆಯಲ್ಲಿ ಪತ್ರಲೇಖನ ಕಲಿಸುತ್ತೇನಲ್ಲ, ಆದ್ದರಿಂದ ಕೇಳುತ್ತೇನೆ, ಆರೋಗ್ಯವೇ? ನೀವು ತೀರಿಕೊಂಡು ಬರುವ ತಿಂಗಳಿಗೆ ಒಂದೂವರೆ ವರ್ಷ. ಜೀವ ಒಂದು ದೇಹ ಬಿಟ್ಟ ಗಳಿಗೆಯಲ್ಲೇ ಇನ್ನೊಂದನ್ನು ಸೇರುತ್ತದೆ, ನಡುವೆ ಎಲ್ಲೂ ತಂಗುವುದಿಲ್ಲ ಎಂದು ನಂಬುವ ಜೈನರ ಮನೆ ನಮ್ಮದು. ಅದಕ್ಕೇ ನಮ್ಮಲ್ಲಿ ತಿಥಿಯಿಲ್ಲ, ಪಿಂಡವಿಲ್ಲ, ಹಿತ್ತಿಲಿನಲ್ಲಿ ನಿಂತು ಕಾಗೆ ಕರೆಯುವುದಿಲ್ಲ. ಮನುಷ್ಯಜನ್ಮವೇ ಸಿಕ್ಕಿದ್ದರೆ, ಗರ್ಭದ ಒಂಬತ್ತು ತಿಂಗಳು ಕಳೆದು, ನನ್ನ ಲೆಕ್ಕದಲ್ಲಿ ನಿಮಗೀಗ ಎಂಟು ತಿಂಗಳು. ಹಲ್ಲು ಬರುತ್ತಿರಬಹುದು, ವಸಡು ತುರಿಸುತ್ತಿರಬಹುದು, ಯಾರೋ ತಾಯಿ ನಿಮ್ಮನ್ನು ಸೊಂಟದ ಮೇಲೆ ಕೂರಿಸಿಕೊಂಡು ರಾಗಿಸರಿ ತಿನ್ನಿಸುತ್ತಿರಬಹುದು. ಹೊಟ್ಟೆ ತುಂಬ ತಿನ್ನಿ, ಹಟ ಮಾಡಬೇಡಿ. ಆದರೆ ನೀವು ಅಲ್ಲಿರುವುದಾದರೆ ಇಲ್ಲಿ ನನ್ನ ಎಡಗಿವಿಯಲ್ಲಿ ಮಾತಾಡುತ್ತಿರುವುದು ಯಾರು? ಅದನ್ನು ಕೇಳಲೆಂದೇ ಈ ಕಾಗದ ಬರೆಯುತ್ತಿದ್ದೇನೆ.

ಶುರುವಾದದ್ದು ಒಂದು ಸಿನಿಮಾದಿಂದ. ಈ ತಿಂಗಳ ಮೊದಲ ಭಾನುವಾರ ಹರ್ಷಾ ತೀರ್ಥಹಳ್ಳಿಯಿಂದ ಬಂದವಳು, ಶಾಲೆ ಬಿಟ್ಟರೆ ಮನೆ, ಮನೆ ಬಿಟ್ಟರೆ ಶಾಲೆ ಎಂದು ಅಮ್ಮ ಕೂತೇಬಿಟ್ಟಿದ್ದಾಳೆ ಎಂದು ರೇಗಿ ನನ್ನನ್ನು ಸಾಗರಕ್ಕೆ ಹೊರಡಿಸಿದಳು. ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ಮಾಡಿ ಅವಳಿಗೆ ಮನೆಯಲ್ಲೂ ದನಿ ಏರಿಸುವ ಅಭ್ಯಾಸವಾಗಿದೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕಾದ್ದರಿಂದ ಮ್ಯಾಟಿನಿಗೇ ಹೋದೆವು. ಚಪಾತಿಯ ಡಬ್ಬಿ ನನ್ನ ಬ್ಯಾಗಿನಲ್ಲಿತ್ತು. ಸಿನಿಮಾದ ಹುಡುಗ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂರುವವನು. ಹೆಣ್ಣುಮಕ್ಕಳು ಅಂಗಡಿ ಹತ್ತಿದರೆ ಅವನ ಕೈಯಿಂದ ಸ್ಕ್ರೂಡ್ರೈವರ್ ಬೀಳುತ್ತದೆ, ನಾಲಗೆ ತೊದಲುತ್ತದೆ. ಒಂದು ದಿನ ಹುಡುಗಿಯೊಬ್ಬಳು ಸ್ಕ್ರೀನ್ ಒಡೆದ ಫೋನು ತರುತ್ತಾಳೆ. ಅಷ್ಟಕ್ಕೇ ಇಡೀ ಕಥೆ ನನಗೆ ಗೊತ್ತಾಯಿತು. ಇಂಟರ್‌ವಲ್‌ಗೆ ಮೊದಲು ಒಂದು ತಪ್ಪು ತಿಳುವಳಿಕೆ, ಆಮೇಲೆ ದೊಡ್ಡ ಕಾರಿನಲ್ಲಿ ಬರುವ ಬೇರೆ ವರ, ನಮ್ಮ ಹುಡುಗ ಗಡ್ಡ ಬಿಡುವುದು, ಕೊನೆಗೆ ನಿಶ್ಚಿತಾರ್ಥದ ಹಾಲಿನಲ್ಲಿ ಮೈಕು ಕೈಗೆ ಸಿಕ್ಕಿ ಅವನು ಬಾಯಿ ಬಿಡುವುದು. ನಮ್ಮ ಮುಂದಿನ ಸಾಲಿನ ಕಾಲೇಜು ಹುಡುಗಿಯರು ಡೈಲಾಗುಗಳನ್ನು ಮೊದಲೇ ಊಹಿಸಿ ಹೇಳಿ ನಗುತ್ತಿದ್ದರು. ನನಗೂ ಎಷ್ಟು ಸಂತೋಷವಾಯಿತೆಂದರೆ ಹೇಳಲಾರೆ. ನೀವು ಮಣಿಪಾಲದ ಆಸ್ಪತ್ರೆಯಲ್ಲಿದ್ದ ಹನ್ನೊಂದು ದಿನ ಮುಂದೇನು ಮುಂದೇನು ಎಂದು ಕುರ್ಚಿಯ ತುದಿಯಲ್ಲಿ ಕೂತಿದ್ದವಳಿಗೆ, ಮುಂದೇನು ಎಂದು ಪೂರಾ ಗೊತ್ತಿರುವ ಎರಡೂವರೆ ಗಂಟೆ ಎಂದರೆ ಏನು ಎಂಬುದು ನಿಮಗೆ ಗೊತ್ತಾಗಲಿಕ್ಕಿಲ್ಲ.

ನನ್ನ ಎಡಗಡೆಯ ಸೀಟು ಖಾಲಿಯಿತ್ತು, ಹರ್ಷಾ ಬಲಗಡೆ. ಹುಡುಗ ಬಾಯಿ ತೆರೆಯುವ ಮುಂಚೆ ಅವನ ಮಾತು ಎಡಗಿವಿಯಲ್ಲಿ ಸಣ್ಣಗೆ ಕೇಳಿಸುತ್ತಿದೆ ಎಂದು ನನಗೆ ಗೊತ್ತಾಗಲು ಹತ್ತು ನಿಮಿಷವಾದರೂ ಹಿಡಿಯಿತು. ನಾನೇ ಊಹಿಸುತ್ತಿದ್ದೇನೆ ಎಂದುಕೊಂಡಿದ್ದೆ. ಆಮೇಲೆ ಅಂಗಡಿಯ ದೃಶ್ಯದಲ್ಲಿ ‘ಟೋಕನ್ ನಂಬರ್ ನಾನೂರ ಹದಿನೇಳು’ ಎಂದು ಕೇಳಿಸಿತು, ಒಂದು ಕ್ಷಣ ಬಿಟ್ಟು ಹುಡುಗ ಚೀಟಿ ನೋಡಿ ‘ಟೋಕನ್ ನಂಬರ್ ನಾನೂರ ಹದಿನೇಳು’ ಎಂದ. ಅದನ್ನು ಊಹಿಸಲು ಯಾರಿಗೆ ಸಾಧ್ಯ? ಜೊತೆಗೆ ಲವಂಗದ ವಾಸನೆ ಬಂತು. ದನಿ ಕೆಡದಿರಲಿ ಎಂದು ನೀವು ದವಡೆಯಲ್ಲಿ ಇಟ್ಟುಕೊಳ್ಳುತ್ತಿದ್ದ ಲವಂಗ. ಹೆದರಿಕೆಯಾಗಬೇಕಿತ್ತು. ನನಗೆ ಆದದ್ದು, ಬಹಳ ದಿನದ ಮೇಲೆ ಪಕ್ಕದಲ್ಲಿ ಯಾರೋ ಬಂದು ಕೂತರಲ್ಲ ಎಂಬ ಸಮಾಧಾನ.

ನೀವು ಹಗಲು ಸಹಕಾರ ಸಂಘದಲ್ಲಿ ಗುಮಾಸ್ತ, ನಾಟಕದ ದಿನ ನಮ್ಮ ಹವ್ಯಾಸಿ ತಂಡದ ಪ್ರಾಂಪ್ಟರ್. ಸುತ್ತಿನ ಊರುಗಳ ಸ್ಟೇಜುಗಳಲ್ಲಿ ನಿಮ್ಮ ಮುಖ ನೋಡಿದವರಿಲ್ಲ, ನಿಮ್ಮ ಮಾತು ಕೇಳದ ಪಾತ್ರವಿಲ್ಲ. ಸೈಡ್ ಪರದೆಯ ಹಿಂದೆ ನೋಟ್‌ಬುಕ್ ಹಿಡಿದು, ಪಾತ್ರಕ್ಕೆ ಕೇಳಿಸಬೇಕು ಮೊದಲ ಸಾಲಿನವರಿಗೆ ಕೇಳಿಸಬಾರದು ಎನ್ನುವ ಹದದಲ್ಲಿ ಒಂದು ಮಾತು ಮುಂಚೆ ಹೇಳುತ್ತಿದ್ದಿರಿ. ನಿಮ್ಮನ್ನೇ ನಂಬಿ ಒಂದಕ್ಷರ ಬಾಯಿಪಾಠ ಮಾಡದ ನಿಮ್ಮ ಗೆಳೆಯ ಶ್ರೀರಂಗ ಮಹಾರಾಜನ ಪಾತ್ರ ಮಾಡಿದ್ದು ನೆನಪಿದೆಯೇ? ನೀವು ಕಣ್ಣು ತಪ್ಪಿ ಕಂಸದೊಳಗಿನ ಸೂಚನೆಯನ್ನೂ ಓದಿಬಿಟ್ಟಿರಿ. ಆ ಪುಣ್ಯಾತ್ಮ ಕತ್ತಿ ಮೇಲೆತ್ತಿ ‘ಮಹಾರಾಜ ಸಿಟ್ಟಿನಿಂದ ಎಡಕ್ಕೆ ಹೋಗುತ್ತಾನೆ’ ಎಂದು ಗಟ್ಟಿಯಾಗಿ ಸಾರಿ, ಸಿಟ್ಟಿನಿಂದ ಎಡಕ್ಕೆ ಹೋದ. ಹೋಗಿ ನಿಮ್ಮ ಮೇಲೆಯೇ ಎಡವಿ ಬಿದ್ದ. ನೀವು ಮನೆಗೆ ಬಂದು ಅದನ್ನು ಹೇಳಿ ಕಣ್ಣೀರು ಬರುವ ಹಾಗೆ ನಕ್ಕಿದ್ದಿರಿ.

ಸಿನಿಮಾ ಮುಗಿದ ಮೇಲೆ ಸಾಗರದ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಡಬ್ಬಿ ಬಿಚ್ಚಿ ಕೂತಿದ್ದಾಗ ಹರ್ಷಾ ಚಪಾತಿ ಮುರಿಯುತ್ತ ನನ್ನ ಮುಖ ನೋಡದೆ ಹೇಳಿದಳು. ‘ಅಮ್ಮ, ಆ ಹುಡುಗ ಥೇಟ್ ಪೂರ್ಣೇಶನ ಹಾಗೇ ಇದ್ದ ಅಲ್ವಾ?’

ಪೂರ್ಣೇಶ ಅವಳ ಕಾಲೇಜಿನ ಲ್ಯಾಬ್ ಅಸಿಸ್ಟೆಂಟು, ತೀರ್ಥಹಳ್ಳಿ ಕಡೆಯ ಗೌಡರ ಮನೆಯವನು. ಇವಳು ಲೆಕ್ಚರರ್, ಅವನು ಟೆಸ್ಟ್‌ಟ್ಯೂಬ್ ತೊಳೆದು ಜೋಡಿಸುವವನು. ಇವಳದು ಈರುಳ್ಳಿಯೂ ಇಲ್ಲದ ಅಡುಗೆ, ಅವನದು ಮೀನಿನ ಸಾರು. ಮೂರು ವರ್ಷದ ಹಿಂದೆ ಹರ್ಷಾ ಈ ಮಾತು ಎತ್ತಿದ್ದು ನಿಮಗೆ ಮರೆತಿರಲಿಕ್ಕಿಲ್ಲ. ಅವಳು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತಿದ್ದಳು, ನಾನು ಒಲೆಯ ಮುಂದೆ, ನೀವು ಉಗ್ರಾಣದ ಬಾಗಿಲ ಹಿಂದೆ. ಮಗಳ ಎದುರು ಬಂದು ಹೇಳುವ ಧೈರ್ಯ ನಿಮಗಿರಲಿಲ್ಲ. ನೀವು ಪಿಸುಗುಟ್ಟಿದಿರಿ, ನಾನು ಹೇಳಿದೆ. ‘ನಮ್ಮ ಮನೇಲಿ ಇದು ಆಗೋದಲ್ಲ ಹರ್ಷಾ. ನಾನು ಇರೋ ತನಕ ಈ ಮಾತು ಬೇಡ.’ ಅವಳು ನಾಲ್ಕು ತಿಂಗಳು ನನ್ನ ಜೊತೆ ಮಾತು ಬಿಟ್ಟಳು. ನಿಮ್ಮ ಜೊತೆ ಮಾತ್ರ ನಗುತ್ತ ಪೇಪರು ಓದುತ್ತಿದ್ದಳು, ನೀವೂ ಓದುತ್ತಿದ್ದಿರಿ. ನನಗೆ ಆಗ ಎಷ್ಟು ಸಿಟ್ಟು ಬಂದಿತ್ತೆಂದು ಈಗ ಹೇಳುತ್ತಿದ್ದೇನೆ, ಕೇಳಿಸಿಕೊಳ್ಳಿ. ಮಾತು ನಿಮ್ಮದು, ಬಾಯಿ ನನ್ನದು, ಬೈಗುಳವೂ ನನ್ನದೇ.

ಅದೊಂದೇ ದಿನವಲ್ಲ. ಮದುವೆಯಾದ ಹೊಸದರಲ್ಲಿ ನಿಮ್ಮ ಚಿಕ್ಕಪ್ಪ ಏನೋ ಕೇಳಿದಾಗ ನಾನು ತಡವರಿಸಿದೆ, ನೀವು ಹಿಂದಿನಿಂದ ಮೆಲ್ಲಗೆ ಹೇಳಿಕೊಟ್ಟಿರಿ. ನನಗದು ಪ್ರೀತಿ ಎಂದೇ ತೋರಿತ್ತು, ಪ್ರೀತಿಯೇ ಆಗಿತ್ತು. ಆಮೇಲೆ ನೆಂಟರಿಗೆ, ಹೆಡ್‌ಮಾಸ್ಟರಿಗೆ, ಫೋನಿನಲ್ಲಿ ನನ್ನ ತಮ್ಮನಿಗೆ, ಎಲ್ಲರಿಗೂ ನಾನು ನಿಮ್ಮ ಮಾತನ್ನೇ ಹೇಳುತ್ತ ಬಂದೆ. ನಿಮ್ಮ ಮಾತು ಚೆನ್ನಾಗಿಯೂ ಇರುತ್ತಿತ್ತು. ನೀವು ಹೋದ ಮೇಲೆ ಯಾರಾದರೂ ಏನಾದರೂ ಕೇಳಿದರೆ ನಾನು ಒಂದು ಕ್ಷಣ ಕಾಯುತ್ತಿದ್ದೆ, ಜನ ಪಾಪ ದುಃಖ ಎಂದುಕೊಳ್ಳುತ್ತಿದ್ದರು.

ಅದಕ್ಕೇ ಆ ಸಿನಿಮಾಕ್ಕೆ ಇನ್ನೊಮ್ಮೆ ಹೋಗಬೇಕೆನಿಸಿತು. ಮುಂದಿನ ವಾರ, ಬುಧವಾರ, ಅರ್ಧ ದಿನ ರಜೆ ಹಾಕಿ ಒಬ್ಬಳೇ ಬಸ್ಸಿಗೆ ನಿಂತಿದ್ದಾಗ ಹರ್ಷಾಳ ಫೋನು ಬಂತು, ಎಲ್ಲಿದ್ದೀಯ ಎಂದು. ಏನು ಹೇಳುವುದೆಂದು ನಾನು ಯೋಚಿಸುವ ಮುಂಚೆ ಎಡಗಿವಿಯಲ್ಲಿ ‘ಹೊಸನಗರದಲ್ಲಿ ಮೀಟಿಂಗ್ ಇದೆ’ ಎಂದು ಬಂತು, ನಾನು ಹಾಗೆಯೇ ಹೇಳಿದೆ. ಮಗಳಿಗೆ ಸುಳ್ಳು ಹೇಳಿದೆನಲ್ಲ ಎಂದು ಬೇಜಾರಾಗಲಿಲ್ಲ. ಥಿಯೇಟರಿನ ಕತ್ತಲೆಯಿಂದ ನೀವು ನನ್ನ ಹಿಂದೆ ಬಂದಿದ್ದೀರಿ ಎಂದು ಹಿಗ್ಗಿದೆ. ಆ ದಿನ ಥಿಯೇಟರಿನಲ್ಲಿ ಹತ್ತು ಹನ್ನೆರಡು ಜನ ಇದ್ದರೇನೋ. ನಾನು ಕಣ್ಣು ಮುಚ್ಚಿಕೊಂಡು ನಿಮ್ಮದನ್ನೇ ಕೇಳುತ್ತ ಕೂತೆ. ಹುಡುಗನದು, ಹುಡುಗಿಯದು, ಗೆಳೆಯನ ಪೋಲಿ ಜೋಕು, ಎಲ್ಲ ಮಾತೂ ಮೊದಲು ನಿಮ್ಮಲ್ಲಿ, ಆಮೇಲೆ ತೆರೆಯಲ್ಲಿ. ಕೊನೆಗೆ ಮೈಕು ಹಿಡಿದು ತೊದಲಿದವನನ್ನು ಬಿಟ್ಟು ಎಲ್ಲರೂ ಹುಡುಗಿಯ ತಾಯಿಯ ಕಡೆ ತಿರುಗುವ ದೃಶ್ಯ ಬಂತು. ಆ ತಾಯಿ ಕಣ್ಣೊರೆಸಿಕೊಂಡು ‘ಆಯ್ತು ಮಗಳೇ’ ಎನ್ನುತ್ತಾಳೆ, ಮೊದಲ ಸಲ ನೀವೂ ಹಾಗೇ ಹೇಳಿದ್ದಿರಿ. ಈ ಸಲ ನನ್ನ ಕಿವಿಯಲ್ಲಿ ಬಂದದ್ದು ‘ಆಗೋದಲ್ಲ’.

ನಾನು ಕಣ್ಣು ತೆರೆದೆ. ತೆರೆಯ ಮೇಲಿನ ತಾಯಿ ‘ಆಯ್ತು ಮಗಳೇ’ ಎಂದಳು, ಎಲ್ಲರೂ ಹೂ ಎರಚಿದರು, ಹಾಡು ಶುರುವಾಯಿತು. ನೀವು ಮತ್ತೆ, ಸ್ವಲ್ಪ ಒತ್ತಿ, ‘ಆಗೋದಲ್ಲ’ ಎಂದಿರಿ. ಸಿನಿಮಾದವರು ನಿಮ್ಮ ಮಾತು ಕೇಳುವವರಲ್ಲ ಎಂದು ನಿಮಗೆ ಗೊತ್ತಿತ್ತು. ಅದು ತೆರೆಯ ಮೇಲಿನ ತಾಯಿಗೆ ಹೇಳಿದ್ದಲ್ಲ, ನನಗೆ ಹೇಳಿಕೊಟ್ಟದ್ದು. ನನ್ನ ತುಟಿ ಆಗಲೇ ಅಲ್ಲಾಡುತ್ತಿತ್ತು.

ಅಂದಿನಿಂದ ನೀವು ಬಿಟ್ಟುಹೋಗಿಲ್ಲ. ಬಸ್ ಕಂಡಕ್ಟರ್ ‘ಆನಂದಪುರ ಇಳಿಯೋರು’ ಎನ್ನುವ ಮುಂಚೆ ನಿಮ್ಮ ದನಿ ಕೇಳಿಸುತ್ತದೆ. ಹಾಲಿನ ಪುಷ್ಪಮ್ಮ ಬಾಗಿಲಲ್ಲಿ ನಿಂತು ತನ್ನ ಮಂಡಿನೋವು ಹೇಳುವುದನ್ನು ನಾನು ಎರಡೆರಡು ಸಲ ಕೇಳಬೇಕು. ಶಾಲೆಯಲ್ಲಿ ಮಗ್ಗಿ ಕೇಳುತ್ತಿದ್ದಾಗ ‘ಏಳೆಂಟ್ಲೆ ಐವತ್ನಾಲ್ಕು’ ಎಂದು ಕಿವಿಯಲ್ಲಿ ಬಂತು, ಎದ್ದು ನಿಂತ ಹುಡುಗಿ ‘ಏಳೆಂಟ್ಲೆ ಐವತ್ನಾಲ್ಕು’ ಎಂದಳು. ತಪ್ಪನ್ನೂ ಮೊದಲೇ ಹೇಳಿಕೊಡುತ್ತೀರಲ್ಲ ಎಂದು ನಗು ಬಂತು. ಆ ನಗು ನಿಂತದ್ದು ಹೋದ ಸೋಮವಾರ. ಪಾಠದ ನಡುವೆ ನೀವು ‘ಟೀಚರ್ ಪುಸ್ತಕ ಮುಚ್ಚಿ ಕಿಟಕಿಯ ಹತ್ತಿರ ಹೋಗುತ್ತಾಳೆ’ ಎಂದಿರಿ. ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಶ್ರೀರಂಗನಷ್ಟು ದಡ್ಡಿಯಲ್ಲ. ಆದರೆ ನೋಡಿಕೊಂಡರೆ ಪುಸ್ತಕ ಮುಚ್ಚಿತ್ತು, ನಾನು ಕಿಟಕಿಯ ಸರಳು ಹಿಡಿದು ನಿಂತಿದ್ದೆ. ಮಕ್ಕಳು ನನ್ನನ್ನೇ ನೋಡುತ್ತಿದ್ದರು. ಮನೆಯಲ್ಲಿ ‘ಸೌಟು ಕೆಳಗಿಡುತ್ತಾಳೆ’ ಎಂದರೆ ಸೌಟು ಕೆಳಗಿರುತ್ತದೆ. ಇಟ್ಟದ್ದು ನನಗೆ ಗೊತ್ತಿರುವುದಿಲ್ಲ. ಇದು ನನಗೆ ಸೇರುವುದಿಲ್ಲ ರೀ. ನಿಮ್ಮ ದನಿಗೆ ನಾನು ಹೆದರುವವಳಲ್ಲ, ನನ್ನ ಕೈಕಾಲಿಗೆ ಹೆದರುತ್ತಿದ್ದೇನೆ.

ಬಸದಿಗೆ ಹೋಗಿ ಕೂತೆ, ಮಂತ್ರ ಹೇಳಿಕೊಂಡೆ. ಅಲ್ಲೂ ಒಂದು ಪದ ಮುಂಚೆ ನೀವೇ. ಕೊನೆಗೆ ಗುರುವಾರ ರಿಪ್ಪನ್‌ಪೇಟೆ ಸರ್ಕಲ್ಲಿನಲ್ಲಿ ಶ್ರೀರಂಗ ಸಿಕ್ಕ. ಈಗ ಎರಡು ಮೊಮ್ಮಕ್ಕಳ ಅಜ್ಜ, ನಾಟಕ ಬಿಟ್ಟಿದ್ದಾನೆ. ಹುಡುಗರಿಂದ ಶಾಲೆಯಲ್ಲಿ ನಾಟಕ ಮಾಡಿಸುತ್ತಿದ್ದೇನೆ ಎಂದು ಬಾಯಿಗೆ ಬಂದ ನೆಪ ಹೇಳಿ, ಪ್ರಾಂಪ್ಟರ್ ಜಾಸ್ತಿ ಮಾತಾಡಿದರೆ ಅವನನ್ನು ನಿಲ್ಲಿಸುವುದು ಹೇಗೆ ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ನನ್ನ ಎಡಭುಜದ ಕಡೆ ನೋಡಿದ, ಆಮೇಲೆ ಚಪ್ಪಲಿಯ ಕಡೆ. ‘ಒಂದೇ ದಾರಿ ಅತ್ತಿಗೆ. ಅವ್ನಿಗಿಂತ ಮುಂಚೆ ಪಾತ್ರನೇ ಮಾತಾಡ್ಬೇಕು. ಚಂದ್ರನಾಥಣ್ಣನ ಮುಂದೆ ಅದು ನಂಗೆ ಯಾವತ್ತೂ ಆಗ್ಲಿಲ್ಲ’ ಎಂದು ನಿಮ್ಮ ಹೆಸರು ಹಿಡಿದೇ ಹೇಳಿ, ಬಸ್ಸು ಬಂತೆಂದು ಹೊರಟ. ಯಾವ ಬಸ್ಸೂ ಬಂದಿರಲಿಲ್ಲ.

ಬರೆಯುವಾಗ ಮಾತ್ರ ನೀವು ಸುಮ್ಮನಿರುತ್ತೀರಿ. ಮೊನ್ನೆ ದಿನಸಿ ಚೀಟಿ ಬರೆಯುವಾಗ ಇದು ಗೊತ್ತಾಯಿತು. ಯೋಚಿಸಿದರೆ ಸರಿಯೇ. ಪ್ರಾಂಪ್ಟರ್ ಬರೆದಿದ್ದನ್ನು ಓದುವವನು, ಇನ್ನೂ ಬರೆಯದೇ ಇರುವುದನ್ನು ಹೇಗೆ ಓದಿಯಾನು? ಆದ್ದರಿಂದ ಈ ಕಾಗದದಲ್ಲಿರುವ ಮಾತೆಲ್ಲ ನನ್ನದೇ. ಮೂವತ್ತೊಂದು ವರ್ಷದಲ್ಲಿ ಒಟ್ಟಿಗೆ ಇಷ್ಟು ಮಾತು ನಾನು ನಿಮ್ಮ ಜೊತೆ ಆಡಿದ್ದು ಇದೇ ಮೊದಲು ಎಂದು ಬರೆಯುತ್ತ ಬರೆಯುತ್ತ ಅಳು ಬರುತ್ತಿದೆ.

ಈಗ ಮುಖ್ಯ ವಿಷಯ. ನಾಳೆ ಭಾನುವಾರ ಪೂರ್ಣೇಶ ತನ್ನ ಅಕ್ಕ ಕನ್ನಮ್ಮನ ಜೊತೆ ನಮ್ಮ ಮನೆಗೆ ಬರುತ್ತಾನೆ. ಹರ್ಷಾಗೆ ಇಪ್ಪತ್ತೊಂಬತ್ತು. ಅವಳು ನನ್ನ ಹತ್ತಿರ ಬೇಡಿಕೊಳ್ಳಲಿಲ್ಲ, ಜಗಳವನ್ನೂ ಆಡಲಿಲ್ಲ. ‘ಅಮ್ಮ, ಕೊನೇ ಸಲ ಕೇಳ್ತೀನಿ. ನೀನು ಇರೋ ತನಕ ಬೇಡ ಅಂದಿದ್ದೆ, ಹಾಗೇ ಇದ್ರೆ ನಾನು ಮದುವೆನೇ ಆಗೋದಿಲ್ಲ, ಆದ್ರೆ ಈ ಮನೆಗೆ ಬರೋದೂ ಇಲ್ಲ’ ಎಂದಳು. ಆ ‘ನಾನು’ ಯಾರು ರೀ? ಬಾಗಿಲ ಹಿಂದೆ ನಿಂತು ‘ನಾನು ಇರೋ ತನಕ’ ಎಂದವರು ನೀವು. ನಿಮ್ಮ ‘ನಾನು’ ಆಗಿದ್ದರೆ ಅದರ ಅವಧಿ ಮುಗಿದು ಒಂದೂವರೆ ವರ್ಷವಾಗುತ್ತ ಬಂತು. ಆದರೆ ಪ್ರಾಂಪ್ಟರ್ ಹೇಳುವ ‘ನಾನು’ ಪ್ರಾಂಪ್ಟರನದಲ್ಲ, ಪಾತ್ರದ್ದು. ನೀವು ಹೋದರೂ ಆ ಮಾತು ನನ್ನ ಕೊರಳಿಗೆ ಗಂಟು ಬಿದ್ದೇ ಇದೆ. ಹುಡುಗ ಒಳ್ಳೆಯವನು. ನೀವು ಆಸ್ಪತ್ರೆಯಲ್ಲಿದ್ದಾಗ ಹನ್ನೊಂದು ದಿನವೂ ಕೆಳಗೆ ಗೇಟಿನ ಹತ್ತಿರ ನಿಂತಿರುತ್ತಿದ್ದ, ಮೇಲೆ ಬರಲು ಸಂಕೋಚ. ನಾನು ನೋಡಿಯೂ ನೋಡದವಳಂತೆ ಹೋಗುತ್ತಿದ್ದೆ. ನನಗೆ ಅವನು ಒಪ್ಪಿಗೆ. ಬರೆದು ಹೇಳುತ್ತಿದ್ದೇನೆ, ನನಗೆ ಒಪ್ಪಿಗೆ. ಆದರೆ ಇವತ್ತು ಬೆಳಿಗ್ಗೆಯಿಂದ ಅಭ್ಯಾಸಕ್ಕೆಂದು ಕನ್ನಡಿಯ ಮುಂದೆ ನಿಂತು ಆರು ಸಲ ಅದನ್ನು ಹೇಳಲು ಬಾಯಿ ತೆರೆದೆ, ಆರು ಸಲವೂ ‘ಆಗೋದಲ್ಲ’ ಎಂದೇ ಬಂತು. ಆರನೆಯ ಸಲ ಅದು ನನ್ನ ದನಿಯೂ ಆಗಿರಲಿಲ್ಲ.

ನೀವೇ ಆಗಿದ್ದರೆ, ನಾಳೆ ಒಂದು ದಿನ ಸುಮ್ಮನಿರಿ. ನೀವಲ್ಲದಿದ್ದರೆ, ಎಲ್ಲೋ ಹಲ್ಲು ಬರುತ್ತಿರುವ ಆ ಮಗುವಿಗೆ ನನ್ನ ಆಶೀರ್ವಾದ. ಚಳಿ ಶುರುವಾಗಿದೆ, ಕಿವಿಗೆ ಟೋಪಿ ಹಾಕಿಸಿಕೊಳ್ಳಿ. ಹೊಸ ತಾಯಿಗೆ ತೊಂದರೆ ಕೊಡಬೇಡಿ. ಈ ಕಾಗದಕ್ಕೆ ವಿಳಾಸವಿಲ್ಲ, ನಿಮ್ಮ ನೋಟ್‌ಬುಕ್ಕುಗಳ ನಡುವೆ ಇಡುತ್ತೇನೆ.

ಇತಿ ನಿಮ್ಮ
ಜಿನಮತಿ

ತಾ.ಕ. ಭಾನುವಾರ ಸಂಜೆ, ಐದೂಕಾಲು. ಅವಸರದಲ್ಲಿ ನಿಂತುಕೊಂಡೇ ಬರೆಯುತ್ತಿದ್ದೇನೆ, ಹೊತ್ತು ಮುಳುಗುವುದರೊಳಗೆ ಬಡಿಸಬೇಕು, ನಾಲ್ಕು ಎಲೆ ಹಾಕಿಯಾಗಿದೆ. ಅವರು ನಾಲ್ಕಕ್ಕೆ ಬಂದರು. ಪೂರ್ಣೇಶ ನೆಲ ನೋಡುತ್ತ ಕೂತ. ನೀವು ಮೊದಲೇ ಶುರುಮಾಡಿದ್ದಿರಿ, ‘ಆಗೋದಲ್ಲ. ತಾಯಿ ಎದ್ದು ಒಳಗೆ ಹೋಗುತ್ತಾಳೆ.’ ನನ್ನ ಮಂಡಿ ತಾನಾಗಿಯೇ ಎದ್ದಿತು, ನಾನು ಎರಡೂ ಕೈಯಲ್ಲಿ ಕುರ್ಚಿ ಹಿಡಿದು ಕೂತೆ, ಹರ್ಷಾಳ ಮುಖ ಬಿಳಿಚಿಕೊಂಡಿತು. ಕನ್ನಮ್ಮ ‘ಅಮ್ಮಾ, ನೀವೇನ್...’ ಎಂದು ಬಾಯಿ ತೆರೆದಳು. ಪ್ರಶ್ನೆ ಮುಗಿಯಲು ಬಿಟ್ಟರೆ ಉತ್ತರ ನಿಮ್ಮದಾಗುತ್ತದೆ ಎಂದು ಗೊತ್ತಿತ್ತು, ಅವಳ ಮಾತಿನ ಮೇಲೆಯೇ ಬಿದ್ದು, ‘ನಾನು ಒಪ್ಪಿದೀನಿ’ ಎಂದು ಕೂಗಿಬಿಟ್ಟೆ. ಪಾಪ, ಕನ್ನಮ್ಮ ಬೆಚ್ಚಿಬಿದ್ದಳು. ಹರ್ಷಾ ಬಂದು ನನ್ನ ಕೈ ಹಿಡಿದುಕೊಂಡಳು. ಆಗ ನನ್ನ ಎಡಗಿವಿಯಲ್ಲಿ, ಒಂದು ಮಾತು ತಡವಾಗಿ, ಬಾಯಿಪಾಠ ಇಲ್ಲದವನು ತೊದಲುವ ಹಾಗೆ, ನೀವು ಹೇಳಿದಿರಿ, ‘ನಾನು... ಒಪ್ಪಿದೀನಿ.’